ಪೊರೆಯ ಮೇಲಿನ ಕೆಂಪು

ನೈರೋಬಿಯ ಸೌತ್ ಬಿ ಬಡಾವಣೆಯ ಆ ಹೆರಿಗೆ ಆಸ್ಪತ್ರೆಯ ಹಿಂಬದಿಯ ಗೋಡೆಗೆ ಅಂಗೈ ಒತ್ತಿದರೆ ಜನರೇಟರ್ ಓಡುತ್ತಿದೆಯೋ ನಿಂತಿದೆಯೋ ಎಂಬುದು ಕಿವಿಗಿಂತ ಮೊದಲು ಕೈಗೆ ತಿಳಿಯುತ್ತಿತ್ತು. ಗೋಡೆಯ ಆಚೆ ಡೀಸೆಲ್ ಯಂತ್ರ, ಈಚೆ ಆಗತಾನೆ ಹುಟ್ಟಿದ ಮಕ್ಕಳ ತೊಟ್ಟಿಲುಗಳು. ನಡುವೆ, ಗೋಡೆಯ ಮೇಲ್ಭಾಗದಲ್ಲಿ, ಗಾಳಿಗೆಂದು ಬಿಟ್ಟ ಒಂದು ಚೌಕ ಕಿಂಡಿ. ಆಸ್ಪತ್ರೆ ನಡೆಸುವ ವೈದ್ಯೆ ನಮ್ಮನ್ನು ಆ ಕಿಂಡಿಯ ಕೆಳಗೆ ನಿಲ್ಲಿಸಿ, "ಸ್ಪಂಜು ತುಂಬಿಸಿದೆ, ದಪ್ಪ ಪರದೆ ಹಾಕಿಸಿದೆ. ಬೀದಿಯ ಮಟಾಟು ವ್ಯಾನುಗಳ ಹಾರ್ನ್ ನಿಂತಿತು, ಇದು ನಿಲ್ಲಲಿಲ್ಲ. ಕರೆಂಟ್ ಹೋಗುವುದೇ ತಡ, ಮಕ್ಕಳೆಲ್ಲ ಒಟ್ಟಿಗೆ ಎದ್ದು ಅಳುತ್ತವೆ" ಎಂದರು.

ಸ್ಪಂಜಿಗೆ ಅದು ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೀರಲು ಸದ್ದನ್ನು ಸ್ಪಂಜು ನುಂಗುತ್ತದೆ. ಇಂಥ ಗುಂಯ್‌ಗುಡುವ ಸದ್ದಿಗೆ ಭಾರದ ಗೋಡೆ ಬೇಕು, ಇಲ್ಲವೇ ನಾನು ಮಾಡಲು ಹೊರಟಿದ್ದಂಥದ್ದು ಬೇಕು.

ನಮ್ಮದು ಇಂಡಸ್ಟ್ರಿಯಲ್ ಏರಿಯಾದಲ್ಲಿ ಬ್ರೆಡ್ಡಿನ ಕವರು, ಹಾಲಿನ ಪ್ಯಾಕೆಟ್ಟಿನ ಫಿಲ್ಮ್ ಮಾಡುವ ಕಾರ್ಖಾನೆ. ಮಾಲೀಕರು ಗುಜರಾತಿ ಮೂಲದವರು. ನೈರೋಬಿಯಲ್ಲೇ ಹುಟ್ಟಿ ಬೆಳೆದವರು. ಫಿಲ್ಮಿನ ಗುಣಮಟ್ಟ ನೋಡಲು ಬಂದಿದ್ದ ನಾನು, ಭೌತಶಾಸ್ತ್ರ ಓದಿದ ಹುಮ್ಮಸ್ಸಿನಲ್ಲಿ, ತೆಳು ಪೊರೆಯಿಂದ ಸದ್ದು ತಡೆಯುವ ಹಲಗೆ ಮಾಡೋಣ ಎಂದು ಅವರ ತಲೆಗೆ ಹತ್ತಿಸಿದ್ದೆ. ಮೆಟಾಮೆಟೀರಿಯಲ್ ಎಂದಾಗ ಅವರಿಗೆ ಅರ್ಥವಾಗಲಿಲ್ಲ. ಮೃದಂಗದ ಬಲಗಡೆ ಚರ್ಮದ ನಡುವೆ ಕಪ್ಪಗೆ ಕರಣೆ ಹಚ್ಚಿರುತ್ತಾರಲ್ಲ, ಅದೇ ಎಂದೆ. ನುಣ್ಣನೆಯ ಪುಡಿಯ ಒಂದು ಬಿಲ್ಲೆ ಚರ್ಮದ ನಾದವನ್ನೇ ಬದಲಿಸುತ್ತದೆ. ನಾವೂ ಫಿಲ್ಮನ್ನು ಕೋಣೆ ಕೋಣೆಯಾಗಿ ವಿಂಗಡಿಸಿದ ಚೌಕಟ್ಟಿಗೆ ಬಿಗಿದು, ಪ್ರತಿ ಕೋಣೆಯ ನಡುವೆ ಪುಡಿಯ ಬಿಲ್ಲೆ ಕೂರಿಸುತ್ತೇವೆ. ಒಂದು ನಿರ್ದಿಷ್ಟ ಸದ್ದು ಬಂದಾಗ ಬಿಲ್ಲೆ ಮುಂದಕ್ಕೆ, ಸುತ್ತಲಿನ ಪೊರೆ ಹಿಂದಕ್ಕೆ ಹೋಗುತ್ತದೆ. ಒಂದು ತಳ್ಳಿದ್ದನ್ನು ಇನ್ನೊಂದು ಎಳೆದುಕೊಳ್ಳುತ್ತದೆ, ಆಚೆಗೆ ಏನೂ ದಾಟುವುದಿಲ್ಲ. ಯಾವ ಸದ್ದು ನಿಲ್ಲಬೇಕು ಎಂಬುದನ್ನು ಬಿಲ್ಲೆಯ ತೂಕ ಮತ್ತು ಪೊರೆಯ ಬಿಗಿ ನಿರ್ಧರಿಸುತ್ತವೆ.

"ಅಂದರೆ ಹಾಲಿನ ಪ್ಯಾಕೆಟ್ಟಿನ ಫಿಲ್ಮಿಗೆ ಪುಡಿ ಹಚ್ಚಿ ಗೋಡೆಯ ರೇಟಿಗೆ ಮಾರಬಹುದು!" ಎಂದು ಮಾಲೀಕರು ಒಪ್ಪಿಬಿಟ್ಟರು.

ಪುಡಿಗೆ ನಾವು ಆರಿಸಿಕೊಂಡದ್ದು ರೆಡ್ ಆಕ್ಸೈಡ್. ಊರಿನ ಹಳೆಯ ಮನೆಗಳ ನೆಲಕ್ಕೆ ಹಾಕುತ್ತಿದ್ದರಲ್ಲ, ಅದೇ. ಭಾರವಿದೆ, ಅಗ್ಗ, ಪಕ್ಕದ ಬೀದಿಯ ಬಣ್ಣದ ಕಾರ್ಖಾನೆಯಲ್ಲೇ ಸಿಗುತ್ತದೆ. ಅದರ ಕಣ ಎಷ್ಟು ಸಣ್ಣದೆಂದರೆ ಬೆರಳುಗಳ ನಡುವೆ ಉಜ್ಜಿದರೆ ಪುಡಿ ಅನ್ನಿಸುವುದಿಲ್ಲ, ಎಣ್ಣೆ ಅನ್ನಿಸುತ್ತದೆ.

ಲ್ಯಾಬಿನಲ್ಲಿ ನಾವಿದ್ದದ್ದು ಇಬ್ಬರೇ. ಇನ್ನೊಬ್ಬಳು ಕೀನ್ಯಾದವಳೇ ಆದ ಇಂಜಿನಿಯರ್, ಇಲ್ಲಿನ ವಿಶ್ವವಿದ್ಯಾಲಯದಲ್ಲೇ ಎಂ.ಎಸ್‌ಸಿ. ಮಾಡಿದವಳು. ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ, ನಡುನಡುವೆ ಸ್ವಾಹಿಲಿ. ನನ್ನ ಪಿಎಚ್‌ಡಿಗೆ ಮರ್ಯಾದೆ ಕೊಟ್ಟು ಆಕೆ ನನ್ನನ್ನು 'ದಕ್ತಾರಿ' ಎನ್ನುತ್ತಿದ್ದಳು, ನಾನು 'ಇಂಜಿನಿಯಾ' ಎನ್ನುತ್ತಿದ್ದೆ. ಆಕೆಯದು ಕಾಂಟ್ರಾಕ್ಟ್ ಕೆಲಸ. ಈ ಹಲಗೆ ಗೆದ್ದರೆ ಕಾಯಂ ಮಾಡುವುದಾಗಿ ಮಾಲೀಕರು ಹೇಳಿದ್ದರು. ಸೋತರೆ ಲ್ಯಾಬೇ ಇರುವುದಿಲ್ಲ. ನನಗೆ ಹಾಗಲ್ಲ, ಫಿಲ್ಮಿನ ಕೆಲಸ ಹೇಗೂ ಇತ್ತು. ಈ ವ್ಯತ್ಯಾಸ ನನಗೆ ಆಗಲೂ ಗೊತ್ತಿತ್ತು ಎಂಬುದನ್ನು ಇಲ್ಲೇ ಬರೆದುಬಿಡುತ್ತೇನೆ.

ಮೊದಲ ತೊಂದರೆ ಬಿಲ್ಲೆಯದೇ. ಪುಡಿಯನ್ನು ಅಂಟಿನ ನೀರಿನಲ್ಲಿ ಕಲಸಿ ಸಿರಿಂಜಿನಿಂದ ಒಂದೊಂದು ಹನಿ ಇಡುತ್ತಿದ್ದೆವು. ನೈರೋಬಿಯ ಒಣ ಗಾಳಿಗೆ ಹನಿಯ ಅಂಚು ಬೇಗ ಆರಿ, ಕಣಗಳೆಲ್ಲ ಅಂಚಿಗೆ ಓಡಿ, ಕಾಫಿ ಲೋಟ ಇಟ್ಟ ಜಾಗದಲ್ಲಿ ಉಳಿಯುವಂಥ ಬಳೆ ಆಗುತ್ತಿತ್ತು. ನಡುವೆ ಬೋಳು. ನಾನು ಅಂಟು ಬದಲಿಸಿದೆ, ನೀರು ಕಡಿಮೆ ಮಾಡಿದೆ, ಆಗಲಿಲ್ಲ. ಆಕೆ ಪ್ರತಿ ಹನಿಯ ಮೇಲೂ ಒದ್ದೆ ಬಟ್ಟೆ ಅಂಟಿಸಿದ ಮುಚ್ಚಳ ಕವುಚಿ ನಿಧಾನವಾಗಿ ಆರಿಸಿ ನೋಡಿದಳು. ಬಿಲ್ಲೆ ಸಮನಾಗಿ ಕೂತಿತು. ಎರಡನೆಯ ತೊಂದರೆ ಬಿಸಿಲು. ಬೆಳಿಗ್ಗೆ ತಬಲದಂತೆ ಬಿಗಿದಿದ್ದ ಪೊರೆ, ತಗಡಿನ ಮಾಡು ಕಾದ ಮೇಲೆ ಸಡಿಲಾಗುತ್ತಿತ್ತು. ಬಿಗಿದ ಚೌಕಟ್ಟನ್ನು ಒಮ್ಮೆ ಒಲೆಯಲ್ಲಿ ಕಾಯಿಸಿ, ತಣಿಸಿ, ಮತ್ತೆ ಬಿಗಿಯುವ ಉಪಾಯ ನನ್ನದು. ಹೀಗೆ ಒಬ್ಬರದೊಂದು ಇನ್ನೊಬ್ಬರದೊಂದು ಸೇರಿ, ಅಂಗೈ ಅಗಲದ ಒಂಬತ್ತು ಕೋಣೆಗಳ ಹಲಗೆ ಒಂದು ರೂಪಕ್ಕೆ ಬಂತು.

ಆದರೆ ಆಸ್ಪತ್ರೆಯ ಜನರೇಟರಿಗೆ ಎರಡು ದನಿ ಇದ್ದವು, ಒಂದು ತೀರಾ ಕೆಳಗಿನದು, ಇನ್ನೊಂದು ಅದಕ್ಕಿಂತ ತುಸು ಮೇಲಿನದು. ನಮ್ಮ ಹಲಗೆ ಮೇಲಿನದನ್ನು ತಡೆಯುತ್ತಿತ್ತು. ಕೆಳಗಿನದು ಹಾಗೇ ದಾಟುತ್ತಿತ್ತು.

ನನ್ನ ಸ್ವಭಾವದ ಒಂದು ವಿಷಯ ಇಲ್ಲಿ ಹೇಳಬೇಕು. ಮನೆಯಿಂದ ಹೊರಟವನು ಗೇಟಿನವರೆಗೆ ಹೋಗಿ, ಬೀಗ ಹಾಕಿದೆನೋ ಇಲ್ಲವೋ ಎಂದು ವಾಪಸು ಬರುತ್ತೇನೆ. ಗ್ಯಾಸ್, ಗೀಸರ್, ಕಾರಿನ ಬಾಗಿಲು, ಯಾವುದನ್ನೂ ನಂಬುವುದಿಲ್ಲ. "ನಿಮ್ ಪಿಎಚ್‌ಡಿ ಬೀಗದ ಮೇಲಾ?" ಎಂದು ಹೆಂಡತಿ ನಗುತ್ತಾಳೆ. ದೇವರು, ಜ್ಯೋತಿಷ್ಯ, ಪತ್ರಿಕೆಯ ಸುದ್ದಿ, ಬೇರೆಯವರ ಪ್ರಯೋಗ, ಎಲ್ಲದಕ್ಕೂ ಪುರಾವೆ ಕೇಳುವವನು ನಾನು. ಆದರೆ ಲ್ಯಾಬಿನೊಳಗೆ ನಾನೇ ಮಾಡಿದ ಕೆಲಸದ ಬಗ್ಗೆ ನನಗೆ ಅಂಥ ಅನುಮಾನ ಬಂದದ್ದೇ ಇಲ್ಲ. ಅನುಮಾನವನ್ನೆಲ್ಲ ಗೇಟಿನ ಬೀಗದ ಮೇಲೆಯೇ ಖರ್ಚು ಮಾಡಿಬಿಡುತ್ತಿದ್ದೆನೋ ಏನೋ.

ಆಯುಧಪೂಜೆ ಬಂತು. ನಮ್ಮ ಕಾರ್ಖಾನೆಯಲ್ಲಿ ಅದನ್ನು ಶುರು ಮಾಡಿದವರು ಪ್ರೊಡಕ್ಷನ್ ಮ್ಯಾನೇಜರು. ಉಡುಪಿ ಕಡೆಯವರು, ಮನೆಯಲ್ಲಿ ತುಳು, ನನ್ನೊಡನೆ ಕನ್ನಡ. ಅವತ್ತು ಮಧ್ಯಾಹ್ನದ ಮೇಲೆ ಯಂತ್ರ ನಿಲ್ಲಿಸಿ, ಒರೆಸಿ, ಗಂಧ ಕುಂಕುಮ ಹಚ್ಚಿ, ಗೇಟಿನಲ್ಲಿ ಕುಂಬಳಕಾಯಿ ಒಡೆದು, ಕೆಲಸದವರಿಗೆಲ್ಲ ಲಾಡು ಹಂಚಿ ಮನೆಗೆ ಕಳಿಸುತ್ತಿದ್ದರು. ನಮ್ಮ ಇಂಜಿನಿಯರ್ ಬೆಳಿಗ್ಗೆಯೇ ರಜೆ ಹಾಕಿ ಊರಿಗೆ ಹೋಗಿದ್ದಳು. ಹಿಂದಿನ ದಿನ ನಾವಿಬ್ಬರೂ ಮಾಡಿದ ಹೊಸ ಹಲಗೆ, ಇನ್ನೂ ಪರೀಕ್ಷೆ ಆಗದ್ದು, ಲ್ಯಾಬಿನ ಮೇಜಿನ ಮೇಲಿತ್ತು.

ನನ್ನ ನೆನಪಿನಲ್ಲಿ ಆ ಮಧ್ಯಾಹ್ನ ಹೀಗಿದೆ. ಮ್ಯಾನೇಜರು ತಟ್ಟೆ ಹಿಡಿದು ಬರುವ ಮೊದಲೇ ನಾನು ಹಲಗೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಅಷ್ಟರಲ್ಲಿ ಬೆಂಗಳೂರಿನಿಂದ ಫೋನ್ ಬಂತು, ಮೈಕ್ ಸರಬರಾಜು ಮಾಡುವವನದು. ಮಾತಾಡುತ್ತ ಗೇಟಿನ ಪಕ್ಕದ ಜಕರಂದಾ ಮರದ ಕೆಳಗೆ ಹೋದೆ. ಉದುರಿದ ನೇರಳೆ ಹೂವು ಬೂಟಿನ ಕೆಳಗೆ ಪಚಪಚ ಅನ್ನುತ್ತಿತ್ತು. ಕುಂಬಳಕಾಯಿ ಒಡೆದ ಸದ್ದು ಕೇಳಿಸಿತು. ಅಷ್ಟೇ. ಇದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ರಜೆ ಮುಗಿಸಿ ಬಂದ ಇಂಜಿನಿಯರ್ ಆ ಹಲಗೆಯನ್ನು ಪರೀಕ್ಷೆಯ ಮರದ ಕೊಳವೆಯಲ್ಲಿ ಕೂರಿಸಿದಳು. ಒಂದು ತುದಿಗೆ ಸ್ಪೀಕರ್, ಹಲಗೆಯ ಆಚೆ ಈಚೆ ಮೈಕು. ಸ್ವಲ್ಪ ಹೊತ್ತಿಗೆ ಕೂಗಿದಳು:

"ದಕ್ತಾರಿ! ಬೇಗ ಬನ್ನಿ, ಇಲ್ಲದಿದ್ದರೆ ನಾನು ಒಬ್ಬಳೇ ಪ್ರಸಿದ್ಧಳಾಗಿಬಿಡುತ್ತೇನೆ."

ಸದ್ದು ತಡೆದ ಕಡೆ ಪರದೆಯ ಮೇಲಿನ ಗೆರೆ ಗುಂಡಿಯಂತೆ ಕುಸಿಯುತ್ತದೆ; ಈಗ ಒಂದು ಗುಂಡಿಯ ಬದಲು ಎರಡು ಗುಂಡಿ. ಹಲಗೆ ಎರಡು ದನಿಯನ್ನೂ ತಡೆದಿತ್ತು. ಮೈಕು ಬದಲಿಸಿ ನೋಡಿದೆವು, ಹಾಗೇ ಬಂತು. ಆಕೆ ಹಲಗೆಗೆ 'ಶುಜಾ' ಎಂದು ಹೆಸರಿಟ್ಟಳು, ವೀರ ಎಂದು ಅರ್ಥ. ನಾನು ಯಾಕೆ ಹೀಗಾಯಿತು ಎಂದು ಕೇಳಬೇಕಿತ್ತು. ಒಲೆಯಲ್ಲಿ ಕಾಯಿಸಿದ್ದರಿಂದ ಪೊರೆಯ ಬಿಗಿ ಅಲ್ಲಲ್ಲಿ ಬೇರೆಯಾಗಿ ಎರಡು ಗುಂಡಿ ಬಂದಿವೆ ಎಂದು ಒಂದು ಕಾರಣ ಕಟ್ಟಿಕೊಂಡೆ. ಅದು ನನ್ನ ಉಪಾಯವಾಗಿದ್ದರಿಂದ ಆ ಕಾರಣ ನನಗೆ ಇಷ್ಟವಾಯಿತು.

ಶುಜಾವನ್ನು ಆಸ್ಪತ್ರೆಯ ಕಿಂಡಿಗೆ ಹಾಕಿಸಿದೆವು. ಜನರೇಟರ್ ಹಾಕಿದರು. ನರ್ಸ್ ಒಬ್ಬಳು ಓಡಿ ಹೋಗಿ, ನಿಜವಾಗಿಯೂ ಹಾಕಿದ್ದಾರಾ ಎಂದು ಹೊರಗೆ ನೋಡಿ ಬಂದಳು. ವೈದ್ಯೆ ಅಲ್ಲೇ ನಿಂತು ಉಳಿದ ಕಿಟಕಿಗಳಿಗೆಲ್ಲ ಹಲಗೆ ಮಾಡಿಕೊಡಿ ಎಂದರು. ಹಲಗೆಯನ್ನು ಅಲ್ಲೇ ಬಿಟ್ಟು ಬಂದೆವು.

ಆಮೇಲೆ ಮಾಡಿದ ಒಂದು ಹಲಗೆಯೂ ಶುಜಾ ಆಗಲಿಲ್ಲ. ಅದೇ ಫಿಲ್ಮ್, ಅದೇ ಪುಡಿ, ಅದೇ ಮುಚ್ಚಳ, ಅದೇ ಒಲೆ. ಬರುತ್ತಿದ್ದದ್ದು ಒಂದೇ ಗುಂಡಿ. ಒಲೆಯ ಶಾಖ ಏರಿಸಿದೆ, ಇಳಿಸಿದೆ. ಪುಡಿಯ ಹೊಸ ಚೀಲ ತರಿಸಿದೆ. ಮಾಲೀಕರು ದಿನಾ ಬಂದು ಬಾಗಿಲಲ್ಲಿ ನಿಂತು, "ಡಾಕ್ಟರ್ ಸಾಬ್, ಆಸ್ಪತ್ರೆಯವರಿಗೆ ಏನು ಹೇಳಲಿ?" ಎನ್ನತೊಡಗಿದರು.

ಒಂದು ಬೆಳಿಗ್ಗೆ ಇಂಜಿನಿಯರ್ ಸಿರಿಂಜು ಕೆಳಗಿಟ್ಟು ಕೇಳಿದಳು: "ದಕ್ತಾರಿ, ಶುಜಾ ಮಾತ್ರ ನಿಮ್ಮ ಹಬ್ಬದ ದಿನ ಇಲ್ಲಿತ್ತು. ಬೇರೆ ಯಾವುದೂ ಇರಲಿಲ್ಲ. ಅವತ್ತು ಯಾರಾದರೂ ಅದನ್ನು ಮುಟ್ಟಿದರಾ?"

"ಇಲ್ಲ."

"ನಾನು ಬಂದು ಯಂತ್ರಗಳನ್ನು ನೋಡಿದೆ. ಎಲ್ಲದರ ಮೇಲೂ ಕೆಂಪು, ಹೂವು. ತಕ್ಕಡಿಯ ಮೇಲೂ ಇತ್ತು."

"ತಕ್ಕಡಿ ಹೊರಗಿತ್ತು. ಹಲಗೆ ಕಪಾಟಿನಲ್ಲಿತ್ತು. ನಾನೇ ಬೀಗ ಹಾಕಿದ್ದೇನೆ. ನನಗೆ ಚೆನ್ನಾಗಿ ನೆನಪಿದೆ."

ಆಕೆ "ಸವಾ", ಸರಿ, ಎಂದು ಸಿರಿಂಜು ಎತ್ತಿಕೊಂಡಳು.

ಅದೇ ವಾರ ಆಸ್ಪತ್ರೆಯಿಂದ, ಗುಂಯ್ ಸದ್ದು ಮತ್ತೆ ಕೇಳುತ್ತಿದೆ ಎಂದು ಫೋನ್ ಬಂತು. ಶುಜಾವನ್ನು ವಾಪಸು ತರಿಸಿ ನಾನೇ ಕೊಳವೆಯಲ್ಲಿಟ್ಟು ಅಳೆದೆ. ಒಂದೇ ಗುಂಡಿ. ಮತ್ತೆ ಅಳೆದೆ, ಒಂದೇ.

ನನ್ನ ತರ್ಕ ಅಲ್ಲಿಂದ ಒಂದೊಂದೇ ಮೆಟ್ಟಿಲು ಇಳಿಯಿತು. ವಸ್ತು ಬದಲಾಗಿಲ್ಲ, ಬಿರುಕಿಲ್ಲ, ಪೊರೆ ಸಡಿಲಾಗಿಲ್ಲ. ಆದ್ದರಿಂದ ಅದು ಯಾವತ್ತೂ ಎರಡು ದನಿ ತಡೆದಿರಲೇ ಇಲ್ಲ. ಆಸ್ಪತ್ರೆಯವರು ತಮಗೆ ಬೇಕಾದದ್ದನ್ನು ಕೇಳಿಸಿಕೊಂಡರು; ಜನ ಹಾಗೆಯೇ. ನಾನು ಪರದೆಯ ಮೇಲೆ ನೋಡಿದ ಗೆರೆ ಆಕೆ ತೋರಿಸಿದ ಗೆರೆ. ಮೈಕು ಬದಲಿಸಿದ್ದು ಆಕೆ. ಕಾಯಂ ಆಗಬೇಕಾದದ್ದು ಆಕೆ. ಪುರಾವೆ ಇಲ್ಲದೆ ಏನನ್ನೂ ಒಪ್ಪದ ನಾನು ಇದನ್ನು ಒಪ್ಪಿಕೊಂಡೆ. ನನ್ನ ನೆನಪನ್ನು ಮಾತ್ರ ಪುರಾವೆಯ ಸಾಲಿನಲ್ಲಿ ಮೊದಲು ನಿಲ್ಲಿಸಿದ್ದೆ, ಉಳಿದವರೆಲ್ಲ ಅದರ ಹಿಂದೆ.

ಮಾಲೀಕರ ಕೋಣೆಯಲ್ಲಿ ಮೀಟಿಂಗ್. ಮ್ಯಾನೇಜರೂ ಇದ್ದರು. ನಾನು ಗ್ರಾಫುಗಳನ್ನು ತೋರಿಸಿ, "ಮೊದಲಿನ ಅಳತೆ ಅಂದವಾಗಿ ಕಾಣುವಂತೆ ತಿದ್ದಿದ್ದು ಅನ್ನಿಸುತ್ತದೆ" ಎಂದೆ. ಇಂಗ್ಲಿಷಿನಲ್ಲಿ ಆ ಮಾತು ಇನ್ನೂ ಮೆತ್ತಗಿತ್ತು, ಇನ್ನೂ ಹರಿತವಾಗಿತ್ತು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ಲ್ಯಾಬಿನಲ್ಲಿ ಇದ್ದದ್ದು ಇಬ್ಬರೇ.

ಆಕೆ ಮಾಲೀಕರ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದಳು.

"ನೀವು ನನ್ನ ಪಕ್ಕದಲ್ಲೇ ನಿಂತಿದ್ದಿರಿ, ದಕ್ತಾರಿ."

"ನಾನು ನೋಡಿದ್ದು ಪರದೆಯನ್ನು."

"ನಾನು ಅಳೆದದ್ದು ನೀವು ಕೊಟ್ಟ ಹಲಗೆಯನ್ನು. ನೀವು ಮುಟ್ಟಿದ್ದೆಲ್ಲ ನಿಮಗೆ ನೆನಪಿರುತ್ತದಾ?"

"ಇರುತ್ತದೆ" ಎಂದೆ.

ಮಾಲೀಕರು, ತಾನು ಕರೆಯುವವರೆಗೆ ಬರುವುದು ಬೇಡ ಎಂದು ಆಕೆಗೆ ಹೇಳಿದರು. ಆಕೆ ಲ್ಯಾಬಿಗೆ ಹೋಗಿ ತನ್ನ ಟೀ ಮಗ್ಗು ತೊಳೆದು, ಒರೆಸಿ, ಬ್ಯಾಗಿನಲ್ಲಿಟ್ಟುಕೊಂಡು ಹೊರಟಳು. ಗೇಟಿನ ಆಚೆ ಲಾರಿಗಳ ಜಾಮು. ಅದರ ನಡುವೆ ದಾರಿ ಮಾಡಿಕೊಂಡು ಆಕೆ ಮಟಾಟು ನಿಲ್ಲುವ ಕಡೆ ಹೋದದ್ದನ್ನು ಕಿಟಕಿಯಿಂದ ನೋಡಿದೆ. ಇದು ನೆನಪಿದೆ ಎಂದು ಬರೆಯುತ್ತಿದ್ದೇನೆ. ನಿಜವೋ ಇಲ್ಲವೋ ಈಗ ಪ್ರಮಾಣ ಮಾಡಲಾರೆ.

ಆ ಶನಿವಾರ ಅರ್ಧ ದಿನ. ಚೌಕಟ್ಟಿನ ಅಲ್ಯೂಮಿನಿಯಂ ಉಳಿಸಿಕೊಳ್ಳೋಣವೆಂದು ಶುಜಾವನ್ನು ಬಿಚ್ಚಲು ಕೂತೆ. ಕೆಳಗಿನ ಪಟ್ಟಿಯ ಸಂದಿಯಲ್ಲಿ ಕೆಂಪು ಪುಡಿ ಕೂಡಿತ್ತು. ಬಿಲ್ಲೆ ಉದುರಿದೆ, ಅಂಟು ಸರಿಯಾಗಿ ಕಲಸಿಲ್ಲ, ಇದೂ ಆಕೆಯದೇ ತಪ್ಪು ಎಂದುಕೊಂಡೆ. ಆ ಕ್ಷಣದಲ್ಲಿ ಖುಷಿಯಾದಂತೆಯೂ ಆಯಿತು. ಒಂದು ಚಿಟಿಕೆ ತೆಗೆದು ಮೈಕ್ರೋಸ್ಕೋಪಿನ ಕೆಳಗಿಟ್ಟೆ.

ಅದು ಆಕ್ಸೈಡ್ ಆಗಿರಲಿಲ್ಲ. ಆಕ್ಸೈಡಿನ ಕಣ ಅಲ್ಲಿ ಮಸಿಯ ಹಾಗೆ ಗುಂಪುಗಟ್ಟಿ ಕಾಣುತ್ತದೆ. ಇವು ದೊಡ್ಡವು, ಒರಟು, ಬೆಳಕು ತೂರುವಂಥವು, ಯಾವುದೋ ಗೆಡ್ಡೆ ತೇಯ್ದ ಹಾಗೆ. ಬಣ್ಣ ಕೆಂಪು, ಅಂಚಿನಲ್ಲಿ ಮಾತ್ರ ಹಳದಿ ಛಾಯೆ.

ಮ್ಯಾನೇಜರ ಮನೆಯವರು ಕುಂಕುಮವನ್ನು ಅಂಗಡಿಯಿಂದ ತರುವುದಿಲ್ಲ, ಅರಿಶಿನಕ್ಕೆ ಸುಣ್ಣ ಸೇರಿಸಿ ಮನೆಯಲ್ಲೇ ಮಾಡುತ್ತಾರೆ. ಅಂಥ ಕುಂಕುಮಕ್ಕೆ ಹುಳಿ ತಾಗಿದರೆ ಹಳದಿಗೆ ತಿರುಗುತ್ತದೆ. ಆಕ್ಸೈಡಿಗೆ ಏನೂ ಆಗುವುದಿಲ್ಲ. ಊಟದ ಡಬ್ಬಿಯಲ್ಲಿ ನಿಂಬೆಹೋಳು ಇತ್ತು. ಒಂದು ಹನಿ ಹಿಂಡಿದೆ. ಗಾಜಿನ ಮೇಲೆ ಕೆಂಪು ಹಳದಿಯಾಯಿತು.

ಯಾರೋ ಹಚ್ಚಿದ್ದಾರೆ. ಕೆಂಪು ಬಿಲ್ಲೆಯ ಮೇಲೆ ಕೆಂಪು ಕುಂಕುಮ, ಕಣ್ಣಿಗೆ ಕಾಣುವುದಾದರೂ ಹೇಗೆ? ಗಂಧದ ಹಸಿಗೆ ಅಂಟಿ ಕೂತ ಒಂದು ಚಿಟಿಕೆಯ ತೂಕ, ಹೆಬ್ಬೆಟ್ಟಿಗಿಂತ ಕಿರಿದಾದ ಬಿಲ್ಲೆಗೆ ಸಣ್ಣದಲ್ಲ. ತೂಕ ಹೆಚ್ಚಾದ ಕೋಣೆಗಳು ಕೆಳಗಿನ ದನಿಯನ್ನು ತಡೆದವು, ಉಳಿದವು ಮೇಲಿನದನ್ನು. ಕಿಂಡಿಯಲ್ಲಿ ಜನರೇಟರಿನ ನಡುಕಕ್ಕೆ ಒಣಗಿದ ಕುಂಕುಮ ದಿನಾ ಒಂದಿಷ್ಟು ಉದುರಿ, ಶುಜಾ ಮತ್ತೆ ಮಾಮೂಲಿ ಹಲಗೆಯಾಯಿತು. ಎಲ್ಲವೂ ಕೂಡಿಬಂತು. ಆಕೆಯ ಅಳತೆ ಸರಿ. ನರ್ಸಿನ ಕಿವಿಯೂ ಸರಿ.

ಯಾರು ಹಚ್ಚಿದ್ದು? ಮ್ಯಾನೇಜರೇ ಇರಬೇಕು, ನಾನು ಹೊರಗಿದ್ದಾಗ ಕಪಾಟು ತೆಗೆಸಿ ಹಚ್ಚಿದ್ದಾರೆ ಎಂದುಕೊಂಡೆ. ಸಿಟ್ಟು ಬರುತ್ತಿತ್ತು. ಒಂಬತ್ತೂ ಕೋಣೆಗಳ ಬಿಲ್ಲೆಯ ಮೇಲೆ ಒಂದೊಂದು ಹನಿ ನಿಂಬೆರಸ ಬಿಟ್ಟು, ಎಲ್ಲೆಲ್ಲಿ ಕುಂಕುಮದ ಉಳಿಕೆ ಇದೆ ನೋಡಿದೆ.

ಹಳದಿಗೆ ತಿರುಗಿದ್ದು ನಾಲ್ಕು ಮೂಲೆ, ಮತ್ತು ನಡುವಿನದು.

ಮೈಸೂರಿನಲ್ಲಿ ನನ್ನ ಅಪ್ಪ ಟೈಪಿಂಗ್ ಇನ್ಸ್ಟಿಟ್ಯೂಟ್ ನಡೆಸುತ್ತಿದ್ದರು. ಆಯುಧಪೂಜೆಯ ದಿನ ಸಾಲಾಗಿ ನಿಂತ ಟೈಪ್‌ರೈಟರುಗಳಿಗೆ ಕುಂಕುಮ ಹಚ್ಚುವುದು ನನ್ನ ಕೆಲಸ. ಎಲ್ಲರೂ ಒಂದು ಬೊಟ್ಟು ಇಟ್ಟರೆ ನಮ್ಮ ಮನೆಯಲ್ಲಿ ಐದು, ನಾಲ್ಕು ಮೂಲೆಗೆ ನಾಲ್ಕು, ಕೊನೆಗೆ ನಡುವೆ ಒಂದು. ಯಾಕೆ ಎಂದು ಅಪ್ಪನೂ ಹೇಳಲಿಲ್ಲ. ಕಾರ್ಖಾನೆಯ ಯಾವ ಯಂತ್ರದ ಮೇಲೂ ಮ್ಯಾನೇಜರು ಒಂದಕ್ಕಿಂತ ಹೆಚ್ಚು ಬೊಟ್ಟು ಇಟ್ಟದ್ದನ್ನು ನಾನು ಕಂಡಿಲ್ಲ.

ಎದ್ದು ಹೋಗಿ ಯಂತ್ರಗಳನ್ನೆಲ್ಲ ನೋಡಿ ಬಂದೆ. ಮಾಸಿದ ಒಂದೊಂದೇ ಬೊಟ್ಟು. ಫೋನ್ ತೆಗೆದು ಹಳೆಯ ಕರೆಗಳನ್ನು ಹುಡುಕಿದೆ. ಬೆಂಗಳೂರಿನ ಕರೆ ಬಂದದ್ದು ಹಬ್ಬದ ದಿನ ಅಲ್ಲ, ಅದರ ಮರುದಿನ. ಜಕರಂದಾ, ಬೂಟಿನ ಕೆಳಗಿನ ಹೂವು, ಎಲ್ಲ ಮರುದಿನದ್ದು. ಕುಂಬಳಕಾಯಿಯ ಸದ್ದನ್ನು ಎಲ್ಲಿಂದ ತಂದು ಅದಕ್ಕೆ ಹೊಲಿದೆನೋ ಗೊತ್ತಿಲ್ಲ.

ಮುಂದೆ ಮಾಡಿದ್ದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ಹಿಂದಿನ ಶೆಡ್ಡಿಗೆ ಹೋದೆ. ಅಲ್ಲಿ ಹಾಳಾದ ಫಿಲ್ಮನ್ನು ಪುಡಿಮಾಡಿ ಮತ್ತೆ ಕರಗಿಸಲು ಕಳಿಸುವ ಗ್ರೈಂಡರ್ ಇದೆ. ಚೌಕಟ್ಟಿನಿಂದ ಪೊರೆ ಹರಿದು ಎಸೆದರೆ ಮುಗಿಯಿತು. ಎರಡು ತೂಕದ ಬಿಲ್ಲೆ ಇಡುವ ಉಪಾಯ ನನಗೇ ಹೊಳೆಯಿತು ಎಂದು ಸೋಮವಾರ ಹೇಳಬಹುದಿತ್ತು. ಆಸ್ಪತ್ರೆಗೆ ಹಲಗೆ ಸಿಗುತ್ತಿತ್ತು, ಮಾಲೀಕರಿಗೆ ಖುಷಿ. ಇಂಜಿನಿಯರ್ ಒಬ್ಬಳನ್ನು ಬಿಟ್ಟು ಯಾರಿಗೂ ನಷ್ಟವಿಲ್ಲ. ಗ್ರೈಂಡರಿನವನು ಕೈ ಚಾಚಿ, "ಹಾಕಲಾ, ಬಾಸ್?" ಎಂದ. ನಾನು ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಅವನು ಯಂತ್ರ ಆರಿಸಿ ಇನ್ನೊಮ್ಮೆ ಕೇಳುವಷ್ಟು ಹೊತ್ತು.

"ಬೇಡ" ಎಂದೆ. ಒಳ್ಳೆಯತನದಿಂದಲ್ಲ. ಆ ಐದು ಹಳದಿ ಬೊಟ್ಟುಗಳು ನನಗೆ ಇದ್ದ ಒಂದೇ ಪುರಾವೆ. ಅವನ್ನು ಪುಡಿ ಮಾಡಿದರೆ, ಮುಂದೆ ಒಂದು ದಿನ ಇದೂ ನಡೆದೇ ಇಲ್ಲ ಎಂದು ನನ್ನ ನೆನಪು ನನ್ನನ್ನು ನಂಬಿಸಿಬಿಡುತ್ತಿತ್ತು. ಅದರ ಸಾಮರ್ಥ್ಯ ಎಷ್ಟು ಎಂದು ಆಗಷ್ಟೇ ನೋಡಿದ್ದೆ.

ಮ್ಯಾನೇಜರಿಗೆ ಫೋನ್ ಮಾಡಿದೆ. "ಆಯುಧಪೂಜೆ ದಿನ ಲ್ಯಾಬಲ್ಲಿ ಕುಂಕುಮ ಯಾರು ಹಚ್ಚಿದ್ದು?"

"ನೀವೇ ಅಲ್ವಾ ಮಾರಾಯ್ರೇ! ನಾನು ತಟ್ಟೆ ಹಿಡ್ಕೊಂಡು ಬಂದೆ. ನಿಮ್ಮದಕ್ಕೂ ಹಚ್ಚಿ ಡಾಕ್ಟ್ರೇ, ಇಲ್ಲಾಂದ್ರೆ ಅದು ಮುನಿಸಿಕೊಳ್ತದೆ ಅಂದೆ. ನೀವು ನಗಾಡಿದ್ರಿ. ಮತ್ತೆ ಟಕಟಕ ಹಚ್ಚಿದ್ರಿ, ಟೈಪ್ ಹೊಡ್ದ ಹಾಗೆ."

"ಮೀಟಿಂಗಲ್ಲಿ ಯಾಕೆ ಹೇಳ್ಲಿಲ್ಲ?"

"ಎಂತ ಹೇಳುದು? ಅಳತೆ ತಿದ್ದಿದ್ದು ಅಂತ ನೀವು ಹೇಳ್ತಾ ಇದ್ರಿ. ಕುಂಕುಮಕ್ಕೂ ಅದಕ್ಕೂ ಸಂಬಂಧ ಉಂಟು ಅಂತ ನನಗೆಂತ ಗೊತ್ತು? ಅಲ್ಲ, ನಿಮಗೆ ನೆನಪಿಲ್ವಾ?"

ಇರಲಿಲ್ಲ. ಈಗಲೂ ಇಲ್ಲ. ತಟ್ಟೆ, ನಗು, ಬೆರಳು, ಯಾವುದೂ ಇಲ್ಲ. ನಿಂಬೆಹುಳಿಯ ಮತ್ತು ಇನ್ನೊಬ್ಬರ ಮಾತಿನ ಮೇಲೆ ನಂಬಿಕೆಯಿಟ್ಟು ಇದನ್ನು ಬರೆಯುತ್ತಿದ್ದೇನೆ.

ಸೋಮವಾರ ಮಾಲೀಕರಿಗೆ ಹೇಳಿ ಇಂಜಿನಿಯರನ್ನು ಕರೆಸಿದೆ. ಅದೇ ಕೋಣೆ, ಅದೇ ಕುರ್ಚಿಗಳು. ಹಲಗೆಯನ್ನು ಮೇಜಿನ ಮೇಲಿಟ್ಟು ಮೊದಲಿಂದ ಹೇಳಿದೆ. ಅಳತೆಯನ್ನು ಯಾರೂ ತಿದ್ದಿಲ್ಲ, ನಾನು ಹೇಳಿದ್ದು ಸುಳ್ಳು, ಹಚ್ಚಿದವನು ನಾನೇ ಎಂದೆ. ಹೇಳಿ ಮುಗಿಸುವ ಮೊದಲೇ ಮಾಲೀಕರು ಗೋಡೆಯ ಮೇಲಿನ ಅಂಬಾಮಾತೆಯ ಪಟಕ್ಕೆ ಕೈ ಮುಗಿದರು. "ಮಾತಾಜಿಯೇ ಡಿಸೈನ್ ಮಾಡಿದ್ದಾಳೆ, ಡಾಕ್ಟರ್ ಸಾಬ್! ಇನ್ನು ಎಲ್ಲ ಹಲಗೆಗೂ ಕುಂಕುಮ ಹಾಕಿ!"

"ನಾನು ಮನೆಯಲ್ಲಿ ಹೇಳಿ ಒಂದು ಕಿಲೋ ಮಾಡಿಸ್ತೇನೆ" ಎಂದು ಮ್ಯಾನೇಜರೂ ನಕ್ಕರು.

ಅವರಿಬ್ಬರಿಗೂ ಅದೊಂದು ಒಳ್ಳೆಯ ಸುದ್ದಿ. ನಾನು ಯಾವುದಕ್ಕೆಂದು ಬಂದಿದ್ದೆನೋ ಅದು ಅವರ ನಗುವಿನ ಕೆಳಗೆ ಮುಚ್ಚಿಹೋಗುತ್ತಿತ್ತು. ಬಿಟ್ಟಿದ್ದರೆ ಮುಚ್ಚಿಹೋಗುತ್ತಲೂ ಇತ್ತು. ಆಕೆ ನಗಲಿಲ್ಲ.

"ದಕ್ತಾರಿ, ನಾನು ನಿಮ್ಮನ್ನು ಕೇಳಿದ್ದೆ."

"ಕೇಳಿದ್ದಿರಿ."

"ಯಾರೂ ಮುಟ್ಟಿಲ್ಲ ಅಂದಿರಿ."

"ನನಗೆ ಹಾಗೇ ನೆನಪಿತ್ತು. ಕ್ಷಮಿಸಿ."

"ನಿಮಗೆ ನೆನಪಿತ್ತು" ಎಂದು ಆಕೆ ಮೆಲ್ಲಗೆ ಹೇಳಿದಳು. "ನನ್ನ ಹತ್ತಿರ ಅಳತೆ ಇತ್ತು. ಈ ಕೋಣೆಯಲ್ಲಿ ಯಾವುದು ಗೆದ್ದಿತು ನೋಡಿ."

ಮಾಲೀಕರು ಕೆಮ್ಮಿ, ಆಕೆಯ ಕೆಲಸ ಕಾಯಂ ಎಂದರು. ಆಕೆ ಥ್ಯಾಂಕ್ಸ್ ಹೇಳಿ, ಆಸ್ಪತ್ರೆಯ ಕೆಲಸ ಮುಗಿಸಿಕೊಡುತ್ತೇನೆ, ಆಮೇಲಿನದು ಆಮೇಲೆ, ಒಂದು ಷರತ್ತು ಇದೆ ಎಂದಳು. ಷರತ್ತು ನನಗೆ. ಲ್ಯಾಬಿನಲ್ಲಿ ಯಾವುದನ್ನೇ ಮುಟ್ಟಿದರೂ ಮುಟ್ಟುವಾಗಲೇ ಬಾಯಿಬಿಟ್ಟು ಹೇಳಬೇಕು. ಆಕೆ ನೋಡಿ 'ನಿಮೆಓನಾ' ಎನ್ನಬೇಕು. ನೋಡಿದೆ ಎಂದು ಅರ್ಥ. ಅದು ಆಕೆಗೂ ಅನ್ವಯ.

ಆಮೇಲೆ ನಾವು ಕೆಲಸ ಮಾಡಿದ್ದು ಹಾಗೆಯೇ. "ಮುಚ್ಚಳ ತೆಗೆದೆ." "ನಿಮೆಓನಾ." "ಮೂಲೆಗೆ ಎರಡನೇ ಹನಿ." "ನಿಮೆಓನಾ." ಮಾಲೀಕರು ಎಷ್ಟು ಕೇಳಿದರೂ ಕುಂಕುಮ ಹಾಕಲಿಲ್ಲ, ಅದು ಉದುರುತ್ತದೆ. ಐದು ಕೋಣೆಗೆ ಆಕ್ಸೈಡಿನ ದೊಡ್ಡ ಬಿಲ್ಲೆ, ನಾಲ್ಕಕ್ಕೆ ಸಣ್ಣದು. ಎಲ್ಲೆಲ್ಲಿ ದೊಡ್ಡದು ಎಂಬುದನ್ನು ಆಕೆ ಲೆಕ್ಕ ಹಾಕಿ ಬೇರೆ ಬೇರೆ ಜಾಗದಲ್ಲಿಟ್ಟು ನೋಡಿದಳು. ಕೊನೆಗೆ ಒಳ್ಳೆಯದಾಗಿ ಬಂದದ್ದು ನಾಲ್ಕು ಮೂಲೆ ಮತ್ತು ನಡು. ಆಕೆ ನನ್ನ ಮುಖ ನೋಡಿದಳು.

ಆಸ್ಪತ್ರೆಯ ಕಿಟಕಿಗಳಿಗೆಲ್ಲ ಹಲಗೆ ಕೂತವು. ಜನರೇಟರ್ ಹಾಕಿದಾಗ ನಾನು ಹಿಂದಿನ ಗೋಡೆಗೆ ಅಂಗೈ ಒತ್ತಿದೆ. ಗೋಡೆ ನಡುಗುತ್ತಲೇ ಇತ್ತು. ಕೋಣೆಯಲ್ಲಿ ಮಾತ್ರ ಸದ್ದಿಲ್ಲ. ಒಂದು ಮಗು ಆಕಳಿಸಿತು, ಏಳಲಿಲ್ಲ.

ವರ್ಷ ತಿರುಗುವ ಮೊದಲು ಆಕೆಗೆ ಬೇರೆ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಇಲ್ಲಿ ಕಾಯಂ ಆಗಿತ್ತು, ಆದರೂ ಹೋಗುತ್ತೇನೆ ಎಂದಳು. ಹೊಸ ಕಡೆಯವರು ಹಿಂದಿನ ಕೆಲಸದ ಬಗ್ಗೆ ಯಾರಿಂದಲಾದರೂ ಪತ್ರ ತರಲು ಹೇಳಿದ್ದರು. ಆಕೆ ಅದನ್ನು ಮ್ಯಾನೇಜರಿಂದ ಬರೆಸಿಕೊಳ್ಳುತ್ತಿದ್ದಾಳೆ ಎಂದು ತಿಳಿದು, ಕೊನೆಯ ದಿನ ಹೇಳಿದೆ: "ಇಂಜಿನಿಯಾ, ನಾನು ಬರೆದುಕೊಡುತ್ತೇನೆ. ನಿಮ್ಮ ಕೆಲಸ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಆಕೆ ಮಗ್ಗು ಒರೆಸುತ್ತಿದ್ದಳು. ತಲೆ ಎತ್ತಿ ನಕ್ಕಳು. ಮೊದಲಿನ ನಗುವೇ, ನನ್ನನ್ನು ಛೇಡಿಸುವಾಗಿನದು.

"ನೆನಪಿನಿಂದ ಬರೆಯುತ್ತೀರಾ, ದಕ್ತಾರಿ?"

ನಾನೂ ನಗಲು ನೋಡಿದೆ. ಆಕೆ ಮಗ್ಗನ್ನು ಬ್ಯಾಗಿಗೆ ಹಾಕಿ, ನನ್ನ ಕೈ ಕುಲುಕಿ ಹೊರಟಳು.

ಲ್ಯಾಬಿನಲ್ಲಿ ಈಗ ಒಬ್ಬನೇ. ಅಭ್ಯಾಸ ಮಾತ್ರ ಬಿಟ್ಟಿಲ್ಲ. ಕಪಾಟು ತೆಗೆದೆ, ಹಲಗೆ ಎತ್ತಿದೆ, ಮುಚ್ಚಳ ಕವುಚಿದೆ ಎಂದು ಗಟ್ಟಿಯಾಗಿ ಹೇಳುತ್ತೇನೆ. ಹೇಳಿ ಒಂದು ಕ್ಷಣ ಕಾಯುತ್ತೇನೆ. ಆಚೆಯ ಫಿಲ್ಮ್ ಯಂತ್ರಗಳ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ.